ಬಾವುಟಗುಡ್ಡೆ ಏರಿದ ಮೀನೆಣ್ಣೆ ಬಸ್ಸು

ಬೊಕ್ಕಪಟ್ಣದ ಗಿರಿಯಪ್ಪನ ಕುಟುಂಬ ಹತ್ತು ತಲೆಮಾರು ಕಡಲನ್ನು ಆಳಿತ್ತು. ಹನ್ನೊಂದನೆಯ ತಲೆಮಾರಿನಲ್ಲಿ ಕಡಲು ಸೇಡು ತೀರಿಸಿಕೊಂಡಿತು. ಗಿರಿಯಪ್ಪ ದೋಣಿಗೆ ಕಾಲಿಟ್ಟರೆ ಸಾಕು, ದೋಣಿ ಇನ್ನೂ ಮರಳಿನ ಮೇಲೇ ಇದ್ದರೂ ಬೆಳಗಿನ ಗಂಜಿ ಹೊರಗೆ ಬರುತ್ತಿತ್ತು. ಹರಕೆ ಹೊತ್ತರು, ತಾಯಿತ ಕಟ್ಟಿದರು, ಶುಂಠಿ ಅಗಿಸಿದರು. ಗಂಜಿಯ ಜತೆ ಶುಂಠಿಯೂ ಹೊರಗೆ ಬಂತು.

ಅಳಿಯಕಟ್ಟಿನ ಮನೆಯಲ್ಲಿ ಸೋದರಮಾವನ ಮಾತೇ ಕಾನೂನು. ಮಾವ ಚೆನ್ನಪ್ಪ ತಂಡೇಲ ಎರಡು ದೋಣಿಗಳ ಯಜಮಾನ. ಒಳ್ಳೆಯ ಮೀನು ಬಿದ್ದ ವರ್ಷ, ನೆರೆಮನೆಯವನ ಹೊಟ್ಟೆ ಉರಿಸಲೆಂದೇ ಒಂದು ಬಸ್ಸನ್ನೂ ಕೊಂಡಿದ್ದ. "ಮೀನು ಹಿಡಿಯಲು ಬಾರದವನು ಬಸ್ಸಾದರೂ ಹಿಡಿಯಲಿ" ಎಂದು ಅಳಿಯನನ್ನು ಜೆಪ್ಪುವಿನ ಶೆಡ್ಡಿಗೆ ಮೆಕ್ಯಾನಿಕ್ ಆಗಿ ತಳ್ಳಿದ. ಗಿರಿಯಪ್ಪ ಬಸ್ಸಿನಡಿ ಮಲಗಿ ಮೊದಲ ಬಾರಿಗೆ ನೆಮ್ಮದಿಯಿಂದ ಗಂಜಿ ಅರಗಿಸಿಕೊಂಡ.

ಆಗ ಯುರೋಪಿನವರಿಗೆ ಯುದ್ಧ ಬೇಕಾಯಿತು. ಪೆಟ್ರೋಲೆಲ್ಲ ಅವರ ಕಡೆ ಹೋಯಿತು, ಮಂಗಳೂರಿನ ಬಸ್ಸುಗಳಿಗೆ ಇದ್ದಿಲು ಉಳಿಯಿತು. ಬಸ್ಸಿನ ಬೆನ್ನಿಗೊಂದು ಕಬ್ಬಿಣದ ಡ್ರಮ್ಮು, ಅದರೊಳಗೆ ಕೆಂಡ, ಆ ಕೆಂಡದಿಂದ ಹುಟ್ಟುವ ಗ್ಯಾಸು ಕೊಳವೆಯಲ್ಲಿ ಹಾದು ಎಂಜಿನ್ನಿಗೆ. ಸಮನೆಲದಲ್ಲಿ ಈ ಬಸ್ಸುಗಳು ಮದುಮಗನಂತೆ ನಡೆಯುತ್ತಿದ್ದವು, ಏರು ಕಂಡರೆ ಮದುಮಗಳಂತೆ ನಿಂತುಬಿಡುತ್ತಿದ್ದವು. ಪ್ರಯಾಣಿಕರು ಟಿಕೆಟು ಕೊಂಡು, ಕೂತು, ಇಳಿದು, ತಳ್ಳಿ, ಮತ್ತೆ ಹತ್ತಿ ಊರು ಸೇರುತ್ತಿದ್ದರು.

ಒಂದು ದಿನ ಚೆನ್ನಪ್ಪ ತಂಡೇಲನೇ ಜರಿಶಾಲು ಹೊದ್ದು ತನ್ನ ಬಸ್ಸನ್ನು ತಾನೇ ತಳ್ಳಬೇಕಾಯಿತು. ನೆರೆಮನೆಯವನು ಬದಿಯಲ್ಲಿ ನಿಂತು ನೋಡಿದ. ಅಷ್ಟೇ ಅಲ್ಲ, "ಐಸಾ" ಎಂದು ಉತ್ಸಾಹವನ್ನೂ ತುಂಬಿದ.

"ಗಿರಿಯ," ಎಂದ ಮಾವ ಸಂಜೆ, "ಬರುವ ಭಾನುವಾರ ಹಂಪನಕಟ್ಟೆಯಿಂದ ಬಾವುಟಗುಡ್ಡೆಯ ಏರು. ಬಸ್ಸು ತುಂಬ ಜನ. ಮೇಲೆ ಮುಟ್ಟುವವರೆಗೆ ಒಬ್ಬನೇ ಒಬ್ಬ ಇಳಿದರೂ ಸೋಮವಾರ ನೀನು ದೋಣಿಯಲ್ಲಿ."

ಗಿರಿಯಪ್ಪ ಆ ರಾತ್ರಿಯೇ ಲಾಟೀನು ಹಿಡಿದು ಶೆಡ್ಡಿಗೆ ನಡೆದ.

ಮಂಗಳೂರಿನಲ್ಲಿ ಇಂಧನದ ಮಹಾಸಂಶೋಧನೆ ಆರಂಭವಾದದ್ದು ಹೀಗೆ. ದೊಡ್ಡ ವಿಜ್ಞಾನಿಗಳಿಗೆ ಬಿಳಿ ಕೋಟು, ಗಾಜಿನ ನಳಿಗೆ, ಸರಕಾರದ ಅನುದಾನ ಎಲ್ಲ ಬೇಕು. ಗಿರಿಯಪ್ಪನಿಗೆ ಹೆಂಡತಿಯ ಅಡುಗೆಮನೆ ಸಾಕಾಯಿತು.

"ನನ್ನ ಜರಡಿ ಎಲ್ಲಿ?" ಎಂದಳು ವಾರಿಜಾಕ್ಷಿ.

"ಸಂಶೋಧನೆಯಲ್ಲಿ ಉಂಟು."

"ಕಡೆಗೋಲು?"

"ಅದೂ."

"ಹಾಗಾದರೆ ಮಧ್ಯಾಹ್ನದ ಊಟವೂ ಅಲ್ಲೇ ಉಂಟು, ಹೋಗಿ ಉಣ್ಣಿ."

ಮೊದಲ ದಿನ ಗೇರುಬೀಜದ ಸಿಪ್ಪೆ ಉರಿಸಿ ನೋಡಿದ. ಬಸ್ಸು ಹುಲಿಯಂತೆ ಗರ್ಜಿಸಿ, ಡ್ರಮ್ಮಿನ ಬಾಯಿಯಿಂದ ಬೆಂಕಿ ಉಗುಳಿ, ಬಗ್ಗಿ ನೋಡುತ್ತಿದ್ದ ಡ್ರೈವರ್ ಯೂಸುಫನ ಗಡ್ಡವನ್ನು ಒಂದು ಕಡೆಯಿಂದ ನುಣ್ಣಗೆ ಮಾಡಿತು.

"ಗಿರಿಯಪ್ಪಣ್ಣ, ಸಂಶೋಧನೆ ನಿಮ್ಮದು, ಗಡ್ಡ ನನ್ನದು," ಎಂದ ಯೂಸುಫ್. "ಇದು ಎಂತ ನ್ಯಾಯ ಮಾರಾಯ್ರೆ?"

ಎರಡನೆಯ ದಿನ ಹುಣಿಸೆಮರದ ಇದ್ದಿಲು. ಮೂರನೆಯ ದಿನ ತೆಂಗಿನ ಗೆರಟೆಯ ಇದ್ದಿಲು. ಗೆರಟೆ ಗೆದ್ದಿತು. ಕೆಂಡ ಗಟ್ಟಿ, ಗ್ಯಾಸು ಸಮೃದ್ಧಿ. ಆದರೆ ಬೂದಿ ಗ್ಯಾಸಿನ ಜತೆ ಎಂಜಿನ್ನಿಗೆ ನುಗ್ಗಿ ಅದರ ಉಸಿರು ಕಟ್ಟಿಸುತ್ತಿತ್ತು. ಏರಿನಲ್ಲಿ ಬಸ್ಸು ನಿಲ್ಲುತ್ತಿದ್ದುದು ಇದಕ್ಕೇ ಎಂದು ಗಿರಿಯಪ್ಪ ಕಂಡುಹಿಡಿದ. ಬೂದಿ ತಡೆಯಲು ನಡುವೆ ಒಂದು ಪೆಟ್ಟಿಗೆ ಕೂರಿಸಿ ತೆಂಗಿನ ನಾರು ತುರುಕಿದ. ಬೂದಿ ನಾರಿಗೆ ನಮಸ್ಕಾರ ಮಾಡಿ ಮುಂದೆ ಹೋಯಿತು.

ಶನಿವಾರ ಹೊಸ ನಾರು ತಂದ. ಬೊಕ್ಕಪಟ್ಣದಲ್ಲಿ ಒಂದು ಕ್ರಮ ಉಂಟು: ದೋಣಿಯಾಗಲಿ, ಹುಟ್ಟಾಗಲಿ, ಹೊಸದು ಕೆಲಸಕ್ಕೆ ಇಳಿಯುವ ಮೊದಲು ಅದಕ್ಕೆ ಬೂತಾಯಿ ಮೀನಿನ ಎಣ್ಣೆ ಕುಡಿಸಬೇಕು. ಗಿರಿಯಪ್ಪ ಕಡಲು ಬಿಟ್ಟರೂ ಕೈ ಕ್ರಮ ಬಿಡಲಿಲ್ಲ. ಯೋಚನೆಯೇ ಇಲ್ಲದೆ ನಾರಿಗೆ ಎರಡು ಸೇರು ಮೀನೆಣ್ಣೆ ಹೊಯ್ದ. ಎಂಜಿನ್ ಕಾಲು ಗಂಟೆ ಓಡಿಸಿ ಪೆಟ್ಟಿಗೆ ತೆರೆದು ನೋಡಿದರೆ ಬೂದಿಯೆಲ್ಲ ಎಣ್ಣೆಗೆ ಅಂಟಿ ಕೂತಿತ್ತು. ಆಚೆ ಎಂಜಿನ್ನಿನ ಕಡೆಯ ಕೊಳವೆ ಕನ್ನಡಿಯಷ್ಟು ಸ್ವಚ್ಛ. ಮಹಾ ಆವಿಷ್ಕಾರಗಳ ದಾರಿಯೇ ಇದು. ಮೊದಲು ಕೈ ಮಾಡುತ್ತದೆ, ತಲೆ ಮರುದಿನ ಬಂದು ಹೆಸರು ತೆಗೆದುಕೊಳ್ಳುತ್ತದೆ.

ವಾಸನೆ? ಆ ಪ್ರಶ್ನೆ ಗಿರಿಯಪ್ಪನಿಗೆ ಹೊಳೆಯಲೇ ಇಲ್ಲ. ಮೀನೆಣ್ಣೆಗೆ ವಾಸನೆ ಉಂಟೆಂಬುದು ಬೊಕ್ಕಪಟ್ಣದ ಮೂಗುಗಳಿಗೆ ಗೊತ್ತಿಲ್ಲದ ವಿಷಯ.

ಭಾನುವಾರ ಬೆಳಗ್ಗೆ ಹಂಪನಕಟ್ಟೆಯಲ್ಲಿ ಬಸ್ಸು ತುಂಬಿತು. ಮುಂದಿನ ಸೀಟಿನಲ್ಲಿ ಮಾವ, ಅವನ ಹಿಂದೆ ಕೋರ್ಟಿನ ಗುಮಾಸ್ತರೊಬ್ಬರು, ಹೆಗಲಲ್ಲಿ ಮಡಿವಸ್ತ್ರ. ಕೊನೆಯ ಸೀಟಿನಲ್ಲಿ ಇಗರ್ಜಿಯ ಪೂಜೆ ಮುಗಿಸಿ ಬಂದ ಜೆಪ್ಪುವಿನ ಕಾರ್ಮಿನ್ ಬಾಯಿ. ಗಿರಿಯಪ್ಪ ಬಾಗಿಲಲ್ಲಿ ನಿಂತ. ಯೂಸುಫ್ ಉಳಿದರ್ಧ ಗಡ್ಡ ಸವರಿ ಬಸ್ಸು ಬಿಟ್ಟ.

ಬಸ್ಸು ಏರಿತು. ಕೆಮ್ಮಲಿಲ್ಲ, ನಡುಗಲಿಲ್ಲ. ಆದರೆ ಏರಿನ ಕಾಲುಭಾಗದಲ್ಲಿ ನಾರಿನ ಪೆಟ್ಟಿಗೆ ಕಾಯಿತು, ಕಾದ ಎಣ್ಣೆ ಹಬೆಯಾಗಿ ಬಸ್ಸಿನೊಳಗೆ ಮೆಲ್ಲನೆ ಬಂದು ಎಲ್ಲರ ಮಡಿಲಲ್ಲಿ ಕೂತಿತು. ಸಾವಿರ ಬೂತಾಯಿಗಳನ್ನು ಒಂದೇ ಕಾವಲಿಯಲ್ಲಿ ಕರಿದ ವಾಸನೆ. ಮೇಲೆ ಕಾಗೆಗಳು ಸೇರಿದವು, ಹಿಂದೆ ಬೆಕ್ಕುಗಳ ಮೆರವಣಿಗೆ ಹೊರಟಿತು.

ಗುಮಾಸ್ತರು ಮಡಿವಸ್ತ್ರವನ್ನು ಮೂಗಿಗೆ ತುರುಕಿ ಎದ್ದರು. "ನಿಲ್ಲಿಸಿ, ನಾನು ಇಳಿಯಬೇಕು."

"ಕೂತುಕೊಳ್ಳಿ ಸ್ವಾಮೀ," ಗಿರಿಯಪ್ಪ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತ. "ನೀವು ಇಳಿದರೆ ನಾನು ದೋಣಿ ಹತ್ತಬೇಕು."

"ನಿನ್ನ ದೋಣಿಗೂ ನನಗೂ ಎಂತ ಸಂಬಂಧ? ನನ್ನ ಮಡಿ ಹೋಯಿತು."

"ಹೋದದ್ದು ಹೋಯಿತು. ಈಗ ಇಳಿದರೆ ವಾಪಸು ಬರುತ್ತದಾ?"

ಅಷ್ಟರಲ್ಲಿ ಇನ್ನೂ ಏಳೆಂಟು ಮಂದಿ ಎದ್ದು ಬಾಗಿಲಿಗೆ ನುಗ್ಗಿದರು. ಗಿರಿಯಪ್ಪ ಕಂಬಿಯನ್ನು ಅಪ್ಪಿಕೊಂಡು, ಅಂಗಿಯ ಎರಡು ಗುಂಡಿಗಳನ್ನು ವಿಜ್ಞಾನಕ್ಕೆ ಬಲಿಕೊಟ್ಟು, ಒಂಟಿಯಾಗಿ ಕೋಟೆ ಕಾದ.

"ಯೂಸುಫ್, ನಿಲ್ಲಿಸಬೇಡ!"

"ನಿಲ್ಲಿಸಿದರೆ ಮತ್ತೆ ಹೊರಡಿಸುವುದು ಯಾರು ಅಣ್ಣ? ಬೆಕ್ಕುಗಳು ತಳ್ಳುತ್ತವಾ?"

ಹಿಂದಿನಿಂದ ಕಾರ್ಮಿನ್ ಬಾಯಿಯ ಸ್ವರ ಬಂತು. "ಯಾರ ಮನೆಯಲ್ಲಿ ಮೀನು ಕರೀತಾ ಇದ್ದಾರೆ? ಮೆಣಸು ಸ್ವಲ್ಪ ಕಡಿಮೆ ಆಗಿದೆ."

ಬಸ್ಸು ಗುಡ್ಡೆಯ ನೆತ್ತಿ ಮುಟ್ಟಿತು. ಗಿರಿಯಪ್ಪ ಪಕ್ಕಕ್ಕೆ ಸರಿದ. ಮೂವತ್ತು ಮಂದಿ ಒಂದೇ ಉಸಿರಿಗೆ ಹೊರಗೆ ಬಿದ್ದರು. ಗುಮಾಸ್ತರು ಕಿಟಕಿಯಿಂದಲೇ ಇಳಿದು, ಹಿಂದೆ ನೋಡದೆ ಸ್ನಾನಕ್ಕೆ ಓಡಿದರು.

ಚೆನ್ನಪ್ಪ ತಂಡೇಲ ನಿಧಾನವಾಗಿ ಇಳಿದು, ಖಾಲಿ ಬಸ್ಸನ್ನೊಮ್ಮೆ, ಕೆಳಗಿನ ಏರನ್ನೊಮ್ಮೆ ನೋಡಿದ. ಅವನಿಗೂ ಯಾವ ವಾಸನೆಯೂ ಬಂದಿರಲಿಲ್ಲ.

"ನಡುವೆ ಯಾರೂ ಇಳಿಯಲಿಲ್ಲ. ಮಾತೆಂದರೆ ಮಾತು. ನೀನು ಬಸ್ಸಿನಲ್ಲೇ ಇರು." ಮತ್ತೆ ಕೇಳಿದ, "ಆದರೆ ಈ ಜನಕ್ಕೆ ಎಂತ ಆಯಿತು?"

ಸೋಮವಾರ ಬಸ್ಸಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಮಂಗಳವಾರ ಬಂದರಿನ ಮೀನು ಮಾರುವ ಹೆಂಗಸರು ಬುಟ್ಟಿ ಸಮೇತ ಬಂದರು. ಬೇರೆ ಬಸ್ಸುಗಳು ಅವರನ್ನು ಮೆಟ್ಟಿಲಿಗೂ ಬಿಡುತ್ತಿರಲಿಲ್ಲ. ಇಲ್ಲಿ ಬುಟ್ಟಿಗಿಂತ ಬಸ್ಸೇ ಹೆಚ್ಚು ನಾರುತ್ತಿತ್ತು, ಆಕ್ಷೇಪಿಸುವ ಬಾಯಿ ಯಾರಿಗಿತ್ತು? ವಾರದೊಳಗೆ ಬಸ್ಸು ತುಂಬಿ ತುಳುಕಿತು. ಉಳಿದ ಬಸ್ಸುಗಳ ಮೆಕ್ಯಾನಿಕರು ಗುಟ್ಟು ತಿಳಿಯಲು ಬಂದು, ಪೆಟ್ಟಿಗೆಯ ಹತ್ತಿರ ಮೂಗು ಒಯ್ದು, ತಳ್ಳುವುದೇ ವಾಸಿ ಎಂದು ಹಿಂದೆ ಹೋದರು.

ಒಂದು ಬೆಳಗ್ಗೆ ಏರಿನ ಮಧ್ಯದಲ್ಲಿ ಮುದುಕಿಯೊಬ್ಬಳು ಕೂಗಿದಳು. "ಗಿರಿಯಪ್ಪಣ್ಣ, ದಿನಾ ಬೂತಾಯಿ ಮೂಸಿ ಮೂಸಿ ಸಾಕಾಯಿತು ಮಾರಾಯ. ನಾಳೆ ಬಂಗುಡೆ ಎಣ್ಣೆ ಹಾಕು."

ಎಲ್ಲರೂ ನಕ್ಕರು. ಗಿರಿಯಪ್ಪ ನಗಲಿಲ್ಲ.

"ಬಂಗುಡೆಯಲ್ಲಿ ಎಣ್ಣೆ ಅಂಶ ಕಡಿಮೆ ಅಕ್ಕಾ," ಎಂದು ವಿಜ್ಞಾನಿಯ ಗಾಂಭೀರ್ಯದಲ್ಲಿ ಹೇಳಿ, ಅವಳ ಬುಟ್ಟಿಯಿಂದ ಎರಡು ಬಂಗುಡೆ ಎತ್ತಿಕೊಂಡ. "ಆದರೂ ಪ್ರಯೋಗ ಮಾಡದೆ ಹೇಳಬಾರದು."