ಮಗಳ ಮಿದುಳಿನ ಮೇಲೆ ಹೊರಿಸಿದ್ದು

ನನ್ನ ಮಗಳಿಗೆ ಈಗ ಹದಿನಾರು. ಬೆಳಿಗ್ಗೆ ಎದ್ದು ಕಾಲೇಜಿಗೆ ಹೊರಡುವವರೆಗೆ ನನ್ನ ಜೊತೆ ಅವಳು ಆಡುವ ಮಾತು ಮೂರು: ಹೂಂ, ಇಲ್ಲ, ಬತ್ತೀನಿ. ಕೋಪ ಮಾಡಿಕೊಂಡವಳ ಹಾಗೂ ಕಾಣುವುದಿಲ್ಲ. ಕೋಪವಾದರೂ ಇದ್ದಿದ್ದರೆ ರಮಿಸಬಹುದಿತ್ತು. ನಾನು ಚನ್ನಪಟ್ಟಣದ ಹತ್ತಿರ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹೆಚ್ಚುಕಮ್ಮಿ ಇದೇ ವಯಸ್ಸಿನ ಮಕ್ಕಳ ಬಾಯಿ ಮುಚ್ಚಿಸುವುದರಲ್ಲೇ ನನ್ನ ದಿನ ಕಳೆಯುತ್ತದೆ. ಮನೆಗೆ ಬಂದರೆ ಒಬ್ಬಳ ಬಾಯಿ ತೆರೆಸಲು ಆಗುವುದಿಲ್ಲ.

ಮೊದಲು ಹೀಗಿರಲಿಲ್ಲ. ನಮ್ಮೂರು ಅಕ್ಕೂರಿನ ಕಡೆ. ಮೇಷ್ಟ್ರ ಕೆಲಸದ ಜೊತೆಗೆ ರೇಷ್ಮೆಯೂ ಉಂಟು. ಹಿತ್ತಲಲ್ಲಿ ಉದ್ದಕ್ಕೆ ಕಟ್ಟಿದ ಒಂದು ಕೋಣೆ, ಅದೇ ಹುಳದ ಮನೆ. ಸಂಜೆ ನಾನು ಸೊಪ್ಪಿನ ಹೊರೆ ಇಳಿಸುವುದೇ ತಡ, ಇವಳು ಯೂನಿಫಾರಂ ಕೂಡ ಬದಲಿಸದೆ ಓಡಿ ಬರುತ್ತಿದ್ದಳು. ಹುಳದ ಸ್ಟ್ಯಾಂಡಿನ ಆ ಕಡೆ ಅವಳು, ಈ ಕಡೆ ನಾನು, ಹಿಪ್ಪುನೇರಳೆ ಕಡ್ಡಿಗಳನ್ನು ಹರಡುತ್ತ ಹೋಗುವುದು. ಕೈಗಿಂತ ಬಾಯಿ ಜೋರು. ಯಾರ ಟಿಫಿನ್ ಬಾಕ್ಸಿನಲ್ಲಿ ಏನಿತ್ತು, ಯಾವ ಮಿಸ್ಸು ಯಾಕೆ ಬೈದರು, ದಿನಾ ಅದೇ ಸೊಪ್ಪು ತಿಂದು ಹುಳಕ್ಕೆ ಬೇಜಾರಾಗುವುದಿಲ್ಲವೇ. ಕಥೆ ರಂಗೇರಿದರೆ ಕೈ ಬೀಸಿ, ಸೊಪ್ಪನ್ನೆಲ್ಲ ನೆಲಕ್ಕೆ ಚೆಲ್ಲುತ್ತಿದ್ದಳು.

ಹುಳ ಪೊರೆ ಬಿಡುವ ಹೊತ್ತಿಗೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆ ದಿನ ಸೊಪ್ಪು ಹಾಕುವ ಹಾಗಿಲ್ಲ, ಹುಳ ಮುಟ್ಟುವ ಹಾಗಿಲ್ಲ, ಕೆಲಸವೇ ಇಲ್ಲ. ಆಗಲೂ ಬಂದು ನನ್ನ ಪಕ್ಕ ಹೊಸಿಲ ಮೇಲೆ ಕೂರುತ್ತಿದ್ದಳು. ಹುಳಕ್ಕೆ ತೊಂದರೆಯಾಗಬಾರದೆಂದು ಅಷ್ಟೂ ಕಥೆಯನ್ನು ಪಿಸುಮಾತಿನಲ್ಲಿ ಹೇಳುವಳು. ಕಿವಿಗೆ ಬಿಸಿ ಉಸಿರು ತಾಗಿ ಕಚಗುಳಿಯಾಗುತ್ತಿತ್ತು. ಆ ಪಿಸುಮಾತು ಈಗ ಎಷ್ಟು ನೆನಪಾಗುತ್ತದೆಂದರೆ, ಹುಳ ಜ್ವರಕ್ಕೆ ಕೂತ ದಿನ ನನಗೆ ಆ ಕೋಣೆಯ ಕಡೆ ಹೋಗುವುದೇ ಬೇಡ ಅನ್ನಿಸುತ್ತದೆ.

ಹೋದ ವರ್ಷ ರಾಮನಗರದಲ್ಲಿ ಮೇಷ್ಟ್ರುಗಳಿಗೆ ಹರೆಯದ ಮಕ್ಕಳ ಬಗ್ಗೆ ಒಂದು ದಿನದ ಟ್ರೈನಿಂಗ್ ಇತ್ತು. ಬಂದಿದ್ದ ಡಾಕ್ಟರಮ್ಮ ಬೋರ್ಡಿನ ಮೇಲೆ ಮಿದುಳಿನ ಚಿತ್ರ ಬರೆದು ಗೆರೆ ಎಳೆಯುತ್ತ ಹೋದರು. ಚಿಕ್ಕ ಮಕ್ಕಳ ಮಿದುಳಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಸಂಪರ್ಕಗಳಿರುತ್ತವಂತೆ. ಹರೆಯದಲ್ಲಿ ಮಿದುಳು, ಬಳಸದ ದಾರಿಗಳನ್ನು ಸವರಿ ಹಾಕಿ, ಬಳಸಿದ್ದನ್ನು ಗಟ್ಟಿ ಮಾಡುತ್ತದೆ. ಅಕ್ಕಪಕ್ಕದ ಭಾಗಗಳ ಜೊತೆಗಷ್ಟೇ ಒಡನಾಟವಿದ್ದ ಭಾಗಗಳು ದೂರದವುಗಳ ಜೊತೆ ಜಾಲ ಕಟ್ಟಿಕೊಳ್ಳುತ್ತವೆ. ಭಾವನೆಯ ಭಾಗ ಬೇಗ ಚುರುಕಾಗುತ್ತದೆ, ಅದಕ್ಕೆ ಕಡಿವಾಣ ಹಾಕುವ ಹಣೆಯ ಹಿಂದಿನ ಭಾಗ ಬಲಿಯುವುದು ಎಲ್ಲಕ್ಕಿಂತ ಕೊನೆಗೆ. "ಮಕ್ಕಳು ಅಪ್ಪ ಅಮ್ಮನಿಂದ ಸ್ವಲ್ಪ ದೂರ ಸರಿದರೆ ಹೆದರಬೇಡಿ, ಅದೂ ಬೆಳವಣಿಗೆಯೇ" ಎಂದರು.

ನನಗೆ ಆದ ಸಂತೋಷ ಹೇಳತೀರದು. ಹಿಂದಿರುಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಬಂದೆ, ಕಾಲು ನೋಯಲಿಲ್ಲ. ಹಿಪ್ಪುನೇರಳೆ ತೋಟವನ್ನು ನಾವೂ ಬೆಳೆಬೆಳೆಗೂ ಬುಡದವರೆಗೆ ಕುಯ್ಯುವುದಿಲ್ಲವೇ? ಕುಯ್ದರೇ ತಾನೆ ಚಿಗುರು. ಮಗಳೊಳಗೆ ಈಗ ಕುಯ್ಲು ನಡೆಯುತ್ತಿದೆ, ಚಿಗುರುವ ತನಕ ಕಾಯಬೇಕು, ನನ್ನ ತಪ್ಪೇನೂ ಇಲ್ಲ. ನನ್ನ ತಪ್ಪೇನೂ ಇಲ್ಲ ಎಂಬುದನ್ನು ಎರಡೆರಡು ಸಲ ಹೇಳಿಕೊಂಡ ನೆನಪಿದೆ.

ಮನೆಗೆ ಬಂದವನೇ ಹೆಂಡತಿಗೆ ಅಷ್ಟನ್ನೂ ಪಾಠ ಮಾಡಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ ಕೇಳಿ, "ಊಟ ಚೆನ್ನಾಗಿತ್ತಾ ಅಲ್ಲಿ?" ಎಂದಳು. ಆಮೇಲೆ ಒಂದು ಬೊಗಸೆ ಕಾಳು ಪಾತ್ರೆಗೆ ಸುರಿದು, "ನನ್ ತಾವ ಮಾತಾಡ್ತಾಳಲ್ಲಾ. ನನ್ ದಾರಿ ಯಾಕ್ ಸವರ್ಲಿಲ್ಲ ಅವ್ಳ ಮಿದ್ಳು?" ಎಂದಳು.

ನಾನು ಎದ್ದು ಹಿತ್ತಲಿಗೆ ಹೋದೆ. ಉತ್ತರ ಗೊತ್ತಿತ್ತು.

ಮಗಳಿಗೆ ಆಗ ಹದಿಮೂರು. ದೊಡ್ಡವಳಾಗಿ ಹದಿನೈದು ದಿನವೂ ಆಗಿರಲಿಲ್ಲ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಮನೆತನ. ಮುಟ್ಟಿನ ಸೂತಕ ನಮಗಿಲ್ಲ ಎಂದು ನನ್ನ ಅವ್ವ ಎದೆ ತಟ್ಟಿ ಹೇಳುವವಳು. ಅಡುಗೆ ಮನೆಗೆ ಅಡ್ಡಿಯಿಲ್ಲ, ದೇವರ ಮನೆಗೂ ಅಡ್ಡಿಯಿಲ್ಲ. ಆದರೆ ಹುಳದ ಮನೆಗೆ ಉಂಟು. ದೇವರಿಗೆ ತಾಗದ ಸೂತಕ ಹುಳಕ್ಕೆ ಹೇಗೆ ತಾಗುತ್ತದೆ ಎಂದು ಇಷ್ಟು ವರ್ಷ ವಿಜ್ಞಾನ ಹೇಳಿಕೊಟ್ಟ ನಾನು ಒಂದು ದಿನವೂ ಕೇಳಿರಲಿಲ್ಲ. ನನ್ನ ಹೆಂಡತಿ ಪ್ರತಿ ತಿಂಗಳೂ ಆ ಮೂರು ದಿನ ಹುಳದ ಮನೆಯ ಹೊರಗೇ ಇರುತ್ತಿದ್ದಳು, ಅದು ನನ್ನ ಕಣ್ಣಿಗೆ ಬಿದ್ದಿರಲೂ ಇಲ್ಲ.

ಆ ಸಲ ಬೆಳೆಗೆ ಹಾಲುತೊಂಡೆ ಬಿದ್ದಿತ್ತು. ಹುಳ ಊದಿಕೊಂಡು, ಮೈ ಒಡೆದು ಹಾಲಿನಂಥ ನೀರು ಸುರಿಸಿ ಸಾಯುವ ರೋಗ. ವೈರಸ್ಸಿನಿಂದ ಬರುವುದೆಂದು ನನಗೆ ಚೆನ್ನಾಗಿ ಗೊತ್ತು. ಸಂಜೆ ಮಗಳು ಎಂದಿನಂತೆ ಓಡಿ ಬಂದಳು, ಬಾಗಿಲ ಹೊರಗಿನಿಂದಲೇ ಏನೋ ಕಥೆ ಶುರು ಮಾಡಿಕೊಂಡು. ಅವ್ವ ಸೀದಾ ಎದುರು ಹೋಗಿ ಅಡ್ಡ ನಿಂತಳು.

"ನಿಂತ್ಕೊ ಅಲ್ಲೇ. ಒಳೀಕ್ ಕಾಲಿಕ್ಬ್ಯಾಡ. ನೀನ್ ಬಂದೇ ಹುಳ ಕೆಟ್ಟಿರೋದು."

ನಾನು ಅವ್ವನ ಹಿಂದೆ ಸೊಪ್ಪಿನ ಬುಟ್ಟಿ ಹಿಡಿದು ನಿಂತಿದ್ದೆ. ಮಗಳು ಅವ್ವನ ಭುಜದ ಮೇಲಿಂದ ನನ್ನನ್ನು ನೋಡಿದಳು ಎಂದೇ ನಾನು ಇವತ್ತಿಗೂ ನಂಬಿದ್ದೇನೆ. ಒಂದು ಮಾತು ಸಾಕಿತ್ತು. ಸಾಯುತ್ತಿರುವ ಹುಳದ ಮುಂದೆ ಅವ್ವನ ಜೊತೆ ಯಾಕೆ ಜಗಳ, ಆಮೇಲೆ ಸಮಾಧಾನ ಮಾಡಿದರಾಯಿತು ಅಂದುಕೊಂಡೆ. ಬುಟ್ಟಿಯಿಂದ ಕಡ್ಡಿ ತೆಗೆದು ಹರಡತೊಡಗಿದೆ. ತಿರುಗಿ ನೋಡುವಷ್ಟರಲ್ಲಿ ಬಾಗಿಲಲ್ಲಿ ಅವಳಿರಲಿಲ್ಲ.

ಆಮೇಲೆ ಎಂಬುದು ಬರಲೇ ಇಲ್ಲ. ಮುಂದಿನ ಬೆಳೆಗೆ ಅವ್ವನೇ ಕರೆದಳು, "ಬಾ ಮಗಾ, ಆ ಮೂರ್ ದಿನ ಒಂದ್ ಬುಟ್ಬುಡು, ಮಿಕ್ಕಂಗೆ ಬಾ." ಹೋಂವರ್ಕ್ ಐತೆ ಎಂದಳು ಮಗಳು. ಅದರ ಮುಂದಿನ ಬೆಳೆಗೂ ಅದನ್ನೇ ಹೇಳಿದಳು. ಮೂರನೆಯದಕ್ಕೆ ಯಾರೂ ಕರೆಯಲಿಲ್ಲ.

ಟ್ರೈನಿಂಗ್ ಆದ ಮೇಲೆ ಒಂದು ವರ್ಷ ಇದನ್ನು ಹೇಗೆ ಬಾಯಿ ಬಿಟ್ಟು ಹೇಳುವುದೆಂದು ಯೋಚಿಸಿದ್ದೇ ಬಂತು. ಟೀ ಕುಡಿಯುವಾಗ ಹೇಳೋಣ ಅಂದುಕೊಂಡರೆ ಅವಳು ಲೋಟ ಎತ್ತಿಕೊಂಡು ಅಮ್ಮನ ಹತ್ತಿರ ಹೋಗುವಳು. ಒಳಗೆ ಇಬ್ಬರೂ ನಗುವುದು ಕೇಳಿಸುತ್ತದೆ. ನನಗೆ ಹೊಟ್ಟೆಕಿಚ್ಚು, ಮುಚ್ಚಿಟ್ಟು ಏನು ಪ್ರಯೋಜನ. ಹಾಳಾದ ಮೇಷ್ಟ್ರ ಬಾಯಿ, ನಲವತ್ತು ಮಕ್ಕಳ ಮುಂದೆ ಗಂಟೆಗಟ್ಟಲೆ ಓಡುತ್ತದೆ, ಒಂದು ಮಗುವಿನ ಮುಂದೆ ಬೀಗ.

ಕೊನೆಗೆ ಕಳೆದ ತಿಂಗಳು ಬಾಯಿ ಬಿಟ್ಟೆ. ಬಸ್ಸು ತಪ್ಪಿದ್ದರಿಂದ ಅವಳನ್ನು ಬೈಕಿನಲ್ಲಿ ಚನ್ನಪಟ್ಟಣದ ಕಾಲೇಜಿಗೆ ಕರೆದುಕೊಂಡು ಹೊರಟಿದ್ದೆ. ರೈಲ್ವೆ ಗೇಟು ಹಾಕಿತ್ತು. ಎಂಜಿನ್ ಆಫ್ ಮಾಡಿದೆ. ಅವಳು ಹಿಂದೆ, ನಾನು ಮುಂದೆ, ಮುಖ ಕಾಣುವುದಿಲ್ಲ. ಅದೇ ಧೈರ್ಯ.

"ಮಗಾ, ಅವತ್ತು ಹುಳದ್ ಮನೆ ಬಾಗ್ಲಲ್ಲಿ ನಿಮ್ಮಜ್ಜಿ ನಿನ್ನ ತಡೆದ್ಲಲ್ಲ. ನಾನು ಒಂದ್ ಮಾತು ಆಡ್ಬೇಕಾಗಿತ್ತು. ಆಡ್ಲಿಲ್ಲ. ತಪ್ಪಾಯ್ತು ಕಣಮ್ಮ."

ರೈಲು ಬಂದು ಹಾಯ್ದು ಹೋಯಿತು. ಬೈದುಬಿಡಲಿ, ಅತ್ತುಬಿಡಲಿ, ಮೂರು ವರ್ಷದ್ದೆಲ್ಲ ಇಲ್ಲೇ ಸುರಿದುಬಿಡಲಿ ಎಂದು ಕಾದೆ.

"ಅವತ್ತು ನೀನೂ ಅಲ್ಲಿದ್ದೇನಪ್ಪಾ?" ಎಂದಳು. ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. "ನಂಗೆ ಅಜ್ಜಿ ಒಬ್ರೇ ಇದ್ದಂಗೆ ಗ್ಯಾಪಕ."

ಗೇಟು ಎದ್ದಿತು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಇದ್ದೆ ಕಣಮ್ಮ ಎನ್ನಲು ನನಗೆ ಬಾಯಿ ಬರಲಿಲ್ಲ. ಬೈಕ್ ಸ್ಟಾರ್ಟ್ ಮಾಡಿದೆ.