ಎಂಟು ಇಲಿಗಳ ಸಾಕ್ಷಿ

ಚಿಕ್ಕರಸಿನಕೆರೆಯ ಮುದ್ದಮ್ಮನ ಮಗಳು ಪ್ರಿಯಾಂಕ ಆರು ವರ್ಷ ಮಂಡ್ಯದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಬಿಳಿ ಇಲಿಗಳ ಹೊಟ್ಟೆಯೊಳಗಿನ ಗುಲ್ಮವೆಂಬ ಅಂಗದಿಂದ ಕೋಶಗಳನ್ನು ಬಿಡಿಸಿ, ಹೊಳೆಯುವ ಬಣ್ಣ ಅಂಟಿಸಿದ ಪ್ರತಿಕಾಯ ಬೆರೆಸುವುದು ಅವಳ ಕೆಲಸ. ರೋಗದೊಡನೆ ಕಾದಾಡುವ ಕೋಶದ ಮೈಮೇಲಿನ ಪ್ರೋಟೀನನ್ನು ಆ ಪ್ರತಿಕಾಯ ಹುಡುಕಿ ಹಿಡಿಯುತ್ತದೆ. ಲೇಸರ್ ಬೆಳಕಿಗೆ ಒಡ್ಡಿದಾಗ ಅಂಥ ಕೋಶ ಮಿನುಗುತ್ತದೆ, ಯಂತ್ರ ಎಣಿಸಿಕೊಳ್ಳುತ್ತದೆ.

ಅಲ್ಲಿನ ಮುಖ್ಯಸ್ಥ ಕೃಷ್ಣಪ್ರಸಾದ್ ಒಂದು ಕಂಪನಿಯ ಗಿಡಮೂಲಿಕೆ ಪುಡಿಯನ್ನು ಪರೀಕ್ಷಿಸುತ್ತಿದ್ದರು. ಪುಡಿ ತಿಂದ ಇಲಿಗಳಲ್ಲಿ ಮಿನುಗುವ ಕೋಶಗಳು ದುಪ್ಪಟ್ಟು ಕಂಡವು. ಕಂಪನಿಯವರು ಸಿಹಿ ಹಂಚಿದರು.

ಪ್ರಿಯಾಂಕಳಿಗೆ ಅನುಮಾನ. ಕೆಲವು ಕೋಶಗಳು ಪ್ರೋಟೀನ್ ಇಲ್ಲದಿದ್ದರೂ ಪ್ರತಿಕಾಯವನ್ನು ಸುಮ್ಮನೆ ಅಂಟಿಸಿಕೊಳ್ಳುತ್ತವೆ. ಅದನ್ನು ತಡೆಯಲು ಮೊದಲೇ ಒಂದು ದ್ರಾವಣ ಹಾಕಬೇಕು. ಆ ಸಲ ದ್ರಾವಣ ಹಾಕುವ ಕೆಲಸ ವಹಿಸಿಕೊಂಡಿದ್ದ ಸಂಶೋಧನಾ ವಿದ್ಯಾರ್ಥಿ ಸುಹಾಸ್ ಪುಡಿ ತಿಂದ ಇಲಿಗಳ ಕೋಶಕ್ಕೆ ಮಾತ್ರ ಅದನ್ನು ಹಾಕುವುದನ್ನೇ ಮರೆತಿದ್ದ. ಅವಳು ಇನ್ನೆಂಟು ಇಲಿಗಳನ್ನು ತೆಗೆದುಕೊಂಡು, ನಾಲ್ಕಕ್ಕೆ ಪುಡಿ ತಿನ್ನಿಸಿ, ಎಲ್ಲವನ್ನೂ ಸರಿಯಾಗಿ ಮಾಡಿ ನೋಡಿದಳು.

"ಸರ್, ವ್ಯತ್ಯಾಸವೇ ಇಲ್ಲ."

"ಪ್ರತಿಕಾಯ ಕೆಟ್ಟಿರಬಹುದು."

"ಮೊದಲು ಬಳಸಿದ ಸೀಸೆಯೇ ಸರ್."

ಕೃಷ್ಣಪ್ರಸಾದ್ ಕನ್ನಡಕ ತೆಗೆದಿಟ್ಟರು. "ವರದಿ ಅಚ್ಚಿಗೆ ಹೋಗಿಯಾಗಿದೆ. ನಿನ್ನ ಹೆಸರೂ ಇದೆ. ನಿಮ್ಮ ಕಡೆಯವರಲ್ಲಿ ಎಷ್ಟು ಜನರ ಹೆಸರು ಹೀಗೆ ಅಚ್ಚಾಗುತ್ತೆ, ಹೇಳು."

ತನ್ನ ಹೆಸರು ತೆಗೆಯಬೇಕೆಂದು ಅವಳು ಬರೆದುಕೊಟ್ಟಳು. ಹೆಸರು ಹೋಯಿತು. ಆ ತಿಂಗಳ ಕೊನೆಗೆ ಕೆಲಸವೂ ಹೋಯಿತು. ಗೇಟಿನ ಬಳಿ ಸಿಕ್ಕ ಸುಹಾಸ್, "ತಪ್ಪು ನಂದೇ. ಆದ್ರೆ ನನ್ನ ಪಿಎಚ್‌ಡಿ ಇದರ ಮೇಲೇ ನಿಂತಿದೆ," ಎಂದ. ಅವಳು ಬಸ್ ನಿಲ್ದಾಣದ ಕಡೆ ನಡೆದಳು. ಕೈಯಾರೆ ಕೊಂದ ಆ ಎಂಟು ಇಲಿಗಳು ಮಾತ್ರ ಬಹಳ ದಿನ ಕಾಡಿದವು.

ಈಗ ಅವಳು ಮಳವಳ್ಳಿಯ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರು. ಹೋದ ಭಾನುವಾರ ಊರಿಗೆ ಬಂದಾಗ ಮುದ್ದಮ್ಮ ಬಿಸಿನೀರಿಗೆ ಅದೇ ಪುಡಿ ಕಲಸುತ್ತಿದ್ದಳು.

"ಎಲ್ಲಿತ್ತವ್ವ ಇದು?"

"ಮದ್ದೂರಲ್ಲಿ ತಂದೆ. ಮಂಡ್ಯದಲ್ಲಿ ಇಲಿಗೆ ಕೊಟ್ಟು ಪರೀಕ್ಸೆ ಮಾಡವ್ರಂತೆ. ನೀನೇ ಮಾಡಿರ್ಬೇಕು ಅಂತ ತಕಂಡೆ ಕಣವ್ವ."

"ಇದ್ರಲ್ಲಿ ಏನೂ ಇಲ್ಲ. ನಾನೇ ನೋಡಿವ್ನಿ."

ಮುದ್ದಮ್ಮ ಲೋಟ ಕೆಳಗಿಟ್ಟಳು. "ನೋಡಿದ್ಮ್ಯಾಲೆ ಆಗ್ಲೇ ಯೋಳ್ಬೇಕಿತ್ತು. ನನ್ ಮಾತ್ ಕೇಳಿ ಬೀದಿಯೋರೆಲ್ಲ ತಕಂಡವ್ರೆ."

ಮನೆಮನೆಗೂ ಅದನ್ನೇ ಹೇಳಲು ಪ್ರಿಯಾಂಕ ಚಪ್ಪಲಿ ಮೆಟ್ಟಿ ಹೊರಟಳು. ಎರಡು ಮನೆಯವರು ಕೇಳಿ ತಲೆಯಾಡಿಸಿದರು. ಮೂರನೆಯದು ಚೌಡಯ್ಯನ ಮನೆ. ಅವನೂ ಎಲ್ಲ ಕೇಳಿದ. ಅವಳು ಜಗಲಿ ಇಳಿಯುತ್ತಿದ್ದಂತೆ ಪಕ್ಕದ ಅಂಕಯ್ಯನಿಗೆ ಹೇಳಿದ: "ಕೆಲ್ಸದಿಂದ ತಗುದ್ರಲ್ಲ, ಒಟ್ಟೆಕಿಚ್ಚಿಗೆ ಅಂಗಂತಾವ್ಳೆ ಕಣ್ಲಾ."

ಅದು ಅವಳ ಕಿವಿಗೂ ಬಿತ್ತು. ನಾಲ್ಕನೆಯ ಮನೆಯ ಬಾಗಿಲು ತೆರೆದೇ ಇತ್ತು. ಅವಳು ಒಳಗೆ ಹೋಗಲಿಲ್ಲ.