ಭಾಗವ್ವನ ಜಳಕ

ಭಾಗವ್ವ ಇಂಡಿ ತಾಲೂಕಿನಿಂದ ಮುಂಬಯಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಅಷ್ಟೂ ವರ್ಷ ಚೆಂಬೂರಿನ ಸುತ್ತ ಎದ್ದ ಬಿಲ್ಡಿಂಗುಗಳಿಗೆ ಸಿಮೆಂಟು ಹೊತ್ತವಳು. ಸಿಮೆಂಟು ಹೊರುವವರಿಗೆ ಊಟ ತಡವಾದರೂ ನಡೆಯುತ್ತದೆ, ಜಳಕ ತಡವಾಗಬಾರದು. ಬೆವರಿಗೆ ಅಂಟಿದ ಪುಡಿ ಒಣಗಿತೆಂದರೆ ಕುತ್ತಿಗೆ, ಕಂಕುಳು ಸುಟ್ಟಂತಾಗಿ ಚರ್ಮ ಬಿರಿಯುತ್ತದೆ. ಅದಕ್ಕೇ ಗುಡಿಸಲುಗಳ ಹೆಂಗಸರು ನಲ್ಲಿಯ ಪಕ್ಕ ನಾಲ್ಕು ಬಿದಿರು ನೆಟ್ಟು, ಖಾಲಿ ಸಿಮೆಂಟು ಚೀಲ ಹೊಲಿದು ಪರದೆ ಕಟ್ಟಿಕೊಂಡಿದ್ದರು. ಸಂಜೆ ನಲ್ಲಿಗೆ ನೀರು ಬರುವ ಒಂದು ತಾಸಿನಲ್ಲಿ ಸಾಲಾಗಿ ನಿಂತು ಒಬ್ಬೊಬ್ಬರೇ ಒಳಹೋಗಿ ಬರುವರು.

೧೯೮೮ರ ಬೇಸಿಗೆಯಲ್ಲಿ ಎದುರಿನ ಹೊಸ ಸೊಸೈಟಿಗೆ ಜನ ವಾಸಕ್ಕೆ ಬಂದರು. ಆ ಕಟ್ಟಡಕ್ಕೂ ಇವರೇ ಸಿಮೆಂಟು ಹೊತ್ತಿದ್ದರು. ಬಾಲ್ಕನಿಯಿಂದ ನೋಡಿದರೆ ಹೊಲಸು ಕಾಣುತ್ತದೆಂದು ಅರ್ಜಿ ಹೋಯಿತು. ಮುನಿಸಿಪಾಲಿಟಿಯ ವಾರ್ಡ್ ಆಫೀಸಿನ ಲಾರಿ ಬಂದು, ಗುಡಿಸಲುಗಳನ್ನು ಬಿಟ್ಟು ಪರದೆಯನ್ನಷ್ಟೇ ಕಿತ್ತೊಯ್ದಿತು. ಮತ್ತೆ ಕಟ್ಟಿದರು, ಮತ್ತೆ ಕಿತ್ತರು. ಹೆಂಗಸರು ಸೀರೆ ಉಟ್ಟೇ ನೀರು ಸುರಿದುಕೊಳ್ಳತೊಡಗಿದರು. ಪುಡಿ ಹೋಗಲಿಲ್ಲ. ಭಾಗವ್ವನ ಜೊತೆ ಸಿಮೆಂಟು ಹೊರುವ ಗುರುಬಾಯಿ ಮೈತುಂಬ ಹುಣ್ಣೆದ್ದು ಎರಡು ವಾರ ಮಲಗಿದಳು.

ಭಾಗವ್ವ ವಾರ್ಡ್ ಆಫೀಸಿಗೆ ನಾಲ್ಕು ಸಲ ಅಲೆದಳು. ನಾಲ್ಕನೆಯ ಸಲ ಸಾಹೇಬ ಫೈಲಿನಿಂದ ತಲೆಯೆತ್ತದೆ ಹೇಳಿದ: "ಘರ್ ಕೆ ಅಂದರ್ ನಹಾನೇ ಕಾ. ರಸ್ತೇಪೆ ಕಾಯ್ಕೋ?"

ರಸ್ತೆಯಲ್ಲೇಕೆ, ಮನೆಯ ಒಳಗೇ ಜಳಕ ಮಾಡಬೇಕಂತೆ. ಒಳಗೆಂದರೆ ಎಲ್ಲಿ? ಅವಳ ಗುಡಿಸಲಿನಲ್ಲಿ ಕಾಲು ಚಾಚಿದರೆ ಒಲೆ ತಾಗುತ್ತಿತ್ತು.

ಮರುದಿನ ಹನ್ನೊಂದು ಗಂಟೆಗೆ ಅವಳು ಕೊಡ ಹೊತ್ತು ಬಂದು ಆಫೀಸಿನ ಮೆಟ್ಟಿಲ ಮೇಲೆ ಇಳಿಸಿದಳು. ಸೀರೆ ಕುಪ್ಪಸ ಕಳಚಿ, ಮಡಚಿ ಬದಿಗಿಟ್ಟಳು. ತಲೆಯ ಮೇಲೆ ತಂಬಿಗೆ ನೀರು ಸುರಿದುಕೊಂಡು ಕನ್ನಡದಲ್ಲೇ ಕೂಗಿದಳು: "ಪಡದಾ ಕಿತ್ತಾವ್ರು ನೀವು. ನೋಡ್ರಿ ಈಗ!"

ನೋಡಿದರು. ಕೆಲವರು ಸಿಳ್ಳೆ ಹೊಡೆದರು. ರೇಶನ್ ಕಾರ್ಡಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು ಚಪ್ಪಲಿ ಎಸೆದಳು. ಯಾರೋ ಫೋಟೊ ತೆಗೆದರು. ಪೊಲೀಸು ಹೆಂಗಸು ಕಂಬಳಿ ಸುತ್ತಿ ಎಳೆದೊಯ್ಯುವಾಗ ಹಲ್ಲು ಕಡಿದು, "ಲಾಜ್ ವಾಟತ್ ನಾಹಿ ಕಾ?" ನಾಚಿಕೆಯಾಗುವುದಿಲ್ಲವೇ ಎಂದು ಮರಾಠಿಯಲ್ಲಿ ಬೈದಳು.

ಸಂಜೆಗೆ ಠಾಣೆಯಿಂದ ಬಿಟ್ಟು ಕಳಿಸಿದರು. ಮರುದಿನ ಫೋಟೊ ಪೇಪರಿನಲ್ಲಿ ಬಂತು. ಎದೆಯ ಮೇಲೆ ಕಪ್ಪು ಪಟ್ಟಿ, ಮುಖ ನಿಚ್ಚಳ. ಗಂಡ ಚಂದ್ರಾಮ ಅದನ್ನು ಬೀಡಾ ಅಂಗಡಿಯಿಂದ ಹರಿದು ತಂದು ಅವಳ ಮುಂದೆ ಒಗೆದ. "ಎದಿಗೆ ಮಸಿ ಹಚ್ಚ್ಯಾರ. ಮಾರಿಗೆ ಹಚ್ಚಬೇಕಿತ್ತು." ಹಾಸಿಗೆ ಸುತ್ತಿಕೊಂಡು, ಕೆಲಸದ ಸೈಟಿನಲ್ಲೇ ಮಲಗಲು ಹೋದ. ಕೂಲಿಗೆ ಜನ ಆರಿಸುವ ಮುಕಾದಮ ಶೆಟ್ಟೆಪ್ಪ ಎಲ್ಲರೆದುರೇ ಹೇಳಿದ: "ಇಕಿನ್ನ ಕರಕೊಂಡು ಹೋದ್ರ ಸೈಟಿಗೆ ಕೆಲಸಕ್ಕಲ್ಲ, ನೋಡಾಕ ಬರ್ತಾರ ಮಂದಿ." ಇನ್ನು ಭಾಗವ್ವ ತನ್ನ ಊರಿನವರಿಲ್ಲದ ಬೇರೆ ಗುಂಪಿನ ಜೊತೆ ಕೆಲಸ ಹುಡುಕಬೇಕಾಯಿತು.

ವಾರ ಕಳೆಯುವುದರೊಳಗೆ ವಾರ್ಡ್ ಆಫೀಸಿನವರೇ ಬಂದು ನಲ್ಲಿಯ ಸುತ್ತ ತಗಡು ನಿಲ್ಲಿಸಿ, ಬಾಗಿಲು ಹಚ್ಚಿ, ಒಳಗೆ ಚಿಲಕವನ್ನೂ ಹಾಕಿಕೊಟ್ಟರು. ಪೇಪರಿನ ಹೆದರಿಕೆ. ಹೆಂಗಸರು ಮುಟ್ಟಿ ಮುಟ್ಟಿ ನೋಡಿದರು. ಯಾರೂ ಭಾಗವ್ವನ ಹೆಸರೆತ್ತಲಿಲ್ಲ.

ಆ ಸಂಜೆ ಅವಳೂ ಮೈತುಂಬ ಬೂದುಬಣ್ಣದ ಪುಡಿ ಹೊತ್ತು ಬಂದು ಸಾಲಿನಲ್ಲಿ ನಿಂತಳು. ಹುಣ್ಣು ಮಾಯುವ ಮೊದಲೇ ಮತ್ತೆ ಕೆಲಸಕ್ಕೆ ಇಳಿದಿದ್ದ ಗುರುಬಾಯಿ ತಿರುಗಿ ನೋಡಿ, ಉಳಿದವರಿಗೆ ಕೇಳಲೆಂದೇ ದನಿ ಎತ್ತಿದಳು:

"ನಿನಗ್ಯಾಕ ಬೇಕವ್ವಾ ಪಡದಾ? ಮುಂಬೈ ಎಲ್ಲಾ ನೋಡೇತಲ್ಲ!"

"ಆಫೀಸಿಗೇ ಹೋಗಲಿ ಬಿಡs, ಅಲ್ಲಿ ಮೆಟ್ಟಲ ಅದಾವ," ಎಂದಳು ಇನ್ನೊಬ್ಬಳು. ಸಾಲೆಲ್ಲ ನಕ್ಕಿತು.

ಭಾಗವ್ವ ಸಾಲು ಬಿಟ್ಟು ನೇರ ಮುಂದಕ್ಕೆ ನಡೆದಳು. ಒಳಗಿದ್ದವಳು ಹೊರಬರುತ್ತಲೇ ನುಗ್ಗಿ ಚಿಲಕ ಹಾಕಿಕೊಂಡಳು. ಹೊರಗೆ ಬೈಗುಳ ಶುರುವಾಯಿತು. ಅವಳು ಬೆರಳ ಸಂದಿಯಿಂದ ಹಿಡಿದು ಕಿವಿಯ ಹಿಂದಿನವರೆಗೆ ಎಲ್ಲೂ ಬಿಡದೆ ಉಜ್ಜಿಕೊಂಡಳು. ತಗಡು ದಡದಡ ಬಡಿಯಿತು.

"ಏ, ನೀರು ನಿಲ್ಲೋ ಹೊತ್ತಾತು! ಮೈ ಉರೀಲಾಕ ಹತ್ತೇತಿ, ಬಾರs ಹೊರಗ!" ಗುರುಬಾಯಿಯ ದನಿಯಲ್ಲಿ ಈಗ ಅಳುವಿತ್ತು.

ಆ ಉರಿ ಎಂಥದೆಂದು ಭಾಗವ್ವನಿಗೆ ಗೊತ್ತಿತ್ತು. ನಲ್ಲಿಯ ಧಾರೆ ಸಣ್ಣದಾಗುತ್ತಿತ್ತು. ಅವಳು ತಂಬಿಗೆಯನ್ನು ಅದರ ಕೆಳಗಿಟ್ಟು ತುಂಬುವತನಕ ಕಾದಳು. ಮತ್ತೆ ತಲೆಯ ಮೇಲೆ ನಿಧಾನವಾಗಿ ಸುರಿದುಕೊಂಡಳು.